ಎಣ್ಣೆ ತಿನ್ನದವನ ಲಿವರಿನಲ್ಲಿ ಕೊಬ್ಬು

ನಮ್ಮ ಬೀದಿಯಲ್ಲಿ ಹೊಟ್ಟೆ ಮುಂದೆ ಬಂದವರಿಗೆ ಬರವಿಲ್ಲ. ಕೇಳಿದರೆ ಎಲ್ಲರದೂ ಒಂದೇ ಮಾತು: ನಾನು ಎಣ್ಣೆ ಪದಾರ್ಥ ಮುಟ್ಟುವುದೇ ಇಲ್ಲ, ಆದರೂ ಇದು ಕರಗುವುದಿಲ್ಲ. ಹೀಗೆ ಹೇಳುವಾಗ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಯಾರೋ ತಂದು ಬಿಟ್ಟುಹೋದ ಸಾಮಾನಿನ ಬಗ್ಗೆ ದೂರುವವರ ಹಾಗೆ ದೂರುತ್ತಾರೆ. ಇದು ಅಂಥ ಒಬ್ಬನ ಕಥೆ. ಅವನ ಹೊಟ್ಟೆಯಿಂದ ಅವನಿಗೆ ಆದದ್ದಕ್ಕಿಂತ ಅವನ ಅಕ್ಕನಿಗೆ ಆಗಲಿದ್ದ ತೊಂದರೆ ದೊಡ್ಡದು. ಅದಕ್ಕೇ ಹೇಳುತ್ತಿದ್ದೇನೆ.

ಅವನು ದರ್ಜಿ. ಬೀದಿಯ ತಿರುವಿನಲ್ಲಿ, ಔಷಧಿ ಅಂಗಡಿಯ ಪಕ್ಕ, ಎರಡು ಹೊಲಿಗೆ ಯಂತ್ರ ಹಿಡಿಸುವಷ್ಟೇ ಜಾಗ. ಅಳತೆಯ ಟೇಪು ಅವನ ಕೊರಳಿನಿಂದ ಇಳಿದದ್ದನ್ನು ಯಾರೂ ಕಂಡಿಲ್ಲ. ಹಾಗಾಗಿ ಎಲ್ಲರಿಗೂ ಅವನು ಟೇಪಣ್ಣ. ಒಂದು ಯಂತ್ರದ ಮುಂದೆ ಅವನು, ಇನ್ನೊಂದರ ಮುಂದೆ ಹೆಂಡತಿ. ಅವನು ಕತ್ತರಿಸಿ ಹೊಲಿಯುತ್ತಾನೆ, ಅವಳು ಗುಂಡಿ, ಕಾಜ, ಅಂಚು ನೋಡಿಕೊಳ್ಳುತ್ತಾಳೆ. ಕೆಲಸ ಚೊಕ್ಕ, ಬಾಯಿ ಸ್ವಲ್ಪ ಉದ್ದ.

ಟೇಪಣ್ಣನಿಗೆ ಕೆಲಸ ಕಲಿಸಿದ ಹಳೆಯ ದರ್ಜಿ ಒಂದು ಗುಟ್ಟು ಹೇಳಿಕೊಟ್ಟಿದ್ದರು. ಟೇಪು ಸೊಂಟಕ್ಕೆ ಬಂದ ಕೂಡಲೇ ಮನುಷ್ಯ ಹೊಟ್ಟೆಯನ್ನು ಒಳಗೆಳೆದುಕೊಳ್ಳುತ್ತಾನೆ. ಆ ಅಳತೆಗೆ ಪ್ಯಾಂಟು ಹೊಲಿದರೆ ಮೂರನೆಯ ದಿನ ಪ್ಯಾಂಟೂ ವಾಪಸ್, ಬೈಗುಳವೂ ವಾಪಸ್. ಆದ್ದರಿಂದ ಗಿರಾಕಿಯನ್ನು ಮೊದಲು ಕೂರಿಸಬೇಕು, ಚಹಾ ಕೊಡಬೇಕು, ತಾನೂ ಜೊತೆಗೆ ಕುಡಿಯಬೇಕು. ಅರ್ಧ ಲೋಟ ಇಳಿಯುವಷ್ಟರಲ್ಲಿ ಹೊಟ್ಟೆ ತನ್ನ ಜಾಗಕ್ಕೆ ಬಂದಿರುತ್ತದೆ. ಅಳೆಯುವುದು ಆಗ. ದರ್ಜಿ ಕುಡಿಯದೆ ಟೇಪು ಹಿಡಿದು ಸುಮ್ಮನೆ ನಿಂತರೆ ಗಿರಾಕಿ ಪೊಲೀಸರ ಮುಂದೆ ಕೂತವನಂತೆ ಸೆಟೆದು ಕೂತಿರುತ್ತಾನೆ. ಇಪ್ಪತ್ತನಾಲ್ಕು ವರ್ಷ ಟೇಪಣ್ಣ ಈ ಮಾತನ್ನು ತಪ್ಪದೆ ಪಾಲಿಸಿದ. ಅವನ ಪ್ಯಾಂಟುಗಳು ವಾಪಸ್ ಬಂದದ್ದು ಕಡಿಮೆ.

ಊರಿಗೆಲ್ಲ ಅಳತೆ ತೆಗೆಯುವವನ ಸೊಂಟದ ಅಳತೆಯನ್ನು ಮಾತ್ರ ಯಾರೂ ತೆಗೆದಿರಲಿಲ್ಲ. ವರ್ಷಕ್ಕೊಮ್ಮೆ ಹೆಂಡತಿ ಅವನ ಪ್ಯಾಂಟಿನ ಹೊಲಿಗೆ ಬಿಚ್ಚಿ ಒಂದು ಬೆರಳು ಅಗಲ ಮಾಡುತ್ತಿದ್ದಳು. ಇಬ್ಬರೂ ಆ ವಿಷಯ ಎತ್ತುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ರಕ್ತ ಪರೀಕ್ಷೆಯಲ್ಲಿ ಕೊಬ್ಬು ಜಾಸ್ತಿ ಎಂದು ಬಂತು. ಟೇಪಣ್ಣ ಅಂದೇ ಎಣ್ಣೆ ಬಿಟ್ಟ, ಬೆಣ್ಣೆ ಬಿಟ್ಟ, ಕರಿದದ್ದನ್ನು ಕಂಡರೆ ಮುಖ ತಿರುಗಿಸಿದ. ಅವನ ಪಾಲಿನ ತರಕಾರಿ ಬೇರೆ ಪಾತ್ರೆಯಲ್ಲಿ ಬರೀ ನೀರಿನಲ್ಲಿ ಬೇಯುತ್ತಿತ್ತು. ಅಷ್ಟು ಸಾಲದೆಂದು ರೆಕ್ಸಿನ್ ಒಳಪದರ ಕೊಟ್ಟು ಬಿಗಿಯಾದ ನಡುಪಟ್ಟಿಯೊಂದನ್ನು ತಾನೇ ಹೊಲಿದುಕೊಂಡ. ಕಟ್ಟಿಕೊಂಡು ಬೆವತರೆ ಕೊಬ್ಬು ಬೆವರಾಗಿ ಹರಿದುಹೋಗುತ್ತದೆ ಎಂಬುದು ಅವನ ಎಣಿಕೆ. ಬೆವರೇನೋ ಧಾರಾಳವಾಗಿ ಹರಿಯಿತು. ಹೊಟ್ಟೆ ಇದ್ದಲ್ಲೇ ಇತ್ತು.

ಇನ್ನೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಹೆಂಡತಿ ಹೇಳಿದಾಗಲೆಲ್ಲ ಅವನು ಒಂದೇ ಉತ್ತರ ಕೊಡುತ್ತಿದ್ದ. "ಎಣ್ಣೇನೇ ತಿನ್ನದವನಿಗೆ ಕೊಬ್ಬು ಎಲ್ಲಿಂದ ಬರುತ್ತೆ ಹೇಳು. ಆಕಾಶದಿಂದ ಉದುರುತ್ತಾ?"

ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಆಗ ಅಂಗಡಿಯಲ್ಲಿರಲಿಲ್ಲ.

ಅಷ್ಟರಲ್ಲಿ ಅಕ್ಕನ ಕಾಯಿಲೆ ಬಿಗಡಾಯಿಸಿತು. ಅಕ್ಕ ಅವನಿಗಿಂತ ಎಂಟು ವರ್ಷ ದೊಡ್ಡವಳು. ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ. ದಿನವಿಡೀ ಪರರ ತಪ್ಪು ಹುಡುಕುವುದೇ ಉದ್ಯೋಗವಾದ್ದರಿಂದ ಮನೆಯಲ್ಲೂ ಅವಳಿಗೆ ಎದುರಾಡುವವರು ಕಡಿಮೆ. ತಾಯಿ ಬೇಗ ತೀರಿಕೊಂಡಾಗ ತಮ್ಮನನ್ನು ಕೈಹಿಡಿದು ಶಾಲೆಗೆ ಕರೆದೊಯ್ದವಳು ಅವಳು. ಶಾಲೆ ಅವನ ತಲೆಗೆ ಹತ್ತದಿದ್ದಾಗ ಹಳೆಯ ದರ್ಜಿಯ ಹತ್ತಿರ ಕೂರಿಸಿದವಳೂ ಅವಳೇ.

ಅವಳ ಯಕೃತ್ತು, ಅಂದರೆ ನಾವೆಲ್ಲ ಲಿವರ್ ಎನ್ನುವ ಅಂಗ, ಹಲವು ವರ್ಷಗಳಿಂದ ಸವೆಯುತ್ತ ಬಂದಿತ್ತು. ಅವಳು ತಿಂದದ್ದು ಕುಡಿದದ್ದು ಅದಕ್ಕೆ ಕಾರಣವಲ್ಲ. ರೋಗಾಣುಗಳ ವಿರುದ್ಧ ಹೋರಾಡಬೇಕಾದ ದೇಹದ ಶಕ್ತಿಯೇ ದಾರಿ ತಪ್ಪಿ ಅವಳ ಲಿವರಿನ ಮೇಲೆ ತಿರುಗಿಬಿದ್ದಿತ್ತು. ಈಗ ಕಣ್ಣು ಹಳದಿಯಾಗಿ ಕಾಲು ಬಾತಿತ್ತು. ಔಷಧಿಯಿಂದ ಇನ್ನು ಹೆಚ್ಚು ಆಗುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರು. ಹತ್ತಿರದವರೊಬ್ಬರು ತಮ್ಮ ಲಿವರಿನ ಒಂದು ಭಾಗ ಕೊಟ್ಟರೆ ಕಸಿ ಮಾಡಬಹುದು. ಲಿವರ್ ಮತ್ತೆ ಬೆಳೆಯುವ ಅಂಗ. ಕೊಟ್ಟವರಲ್ಲೂ ಪಡೆದವರಲ್ಲೂ ಕೆಲವು ತಿಂಗಳಲ್ಲಿ ಬೆಳೆದುಕೊಳ್ಳುತ್ತದೆ. ಆದರೆ ಅಕ್ಕನಿಗೆ ಉಳಿದಿರುವುದು ಮೂರು ತಿಂಗಳು, ಹೆಚ್ಚೆಂದರೆ ನಾಲ್ಕು.

ಭಾವನ ರಕ್ತದ ಗುಂಪು ಹೊಂದಲಿಲ್ಲ. ಅಕ್ಕನ ಒಬ್ಬಳೇ ಮಗಳು ಆರು ತಿಂಗಳ ಬಸುರಿ. ಟೇಪಣ್ಣನದು ಹೊಂದಿತು. ಅವನು ಹಿಂದೆಮುಂದೆ ನೋಡದೆ ಒಪ್ಪಿದ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ಗಂಡಹೆಂಡತಿಯನ್ನು ಕರೆದು ಕೂರಿಸಿದರು.

"ನಿಮ್ಮ ಲಿವರಿನಲ್ಲಿ ಕೊಬ್ಬು ಕೂತಿದೆ. ನೂರಕ್ಕೆ ಇಪ್ಪತ್ತೆರಡು ಭಾಗ. ನಮ್ಮ ಆಸ್ಪತ್ರೇಲಿ ಹತ್ತರ ಒಳಗಿದ್ರೆ ಮಾತ್ರ ತಗೋತೀವಿ. ಇಂಥ ಲಿವರನ್ನ ಕತ್ತರಿಸಿದ್ರೆ ನಿಮಗೂ ಅಪಾಯ. ನಿಮ್ಮಕ್ಕನ ಮೈಯಲ್ಲಿ ಅದು ಸರಿಯಾಗಿ ಕೆಲಸ ಮಾಡುತ್ತೆ ಅನ್ನೋ ಭರವಸೇನೂ ಇಲ್ಲ."

"ಡಾಕ್ಟ್ರೇ, ರಿಪೋರ್ಟು ಅದಲುಬದಲಾಗಿರ್ಬೇಕು," ಎಂದ ಟೇಪಣ್ಣ. "ನಾನು ಎಣ್ಣೆ ತಿಂದು ಮೂರು ವರ್ಷ ಆಯ್ತು. ಹೆಂಡ ಸಾರಾಯಿ ಹುಟ್ಟಿದಾಗಿಂದ ಮುಟ್ಟಿಲ್ಲ."

"ಅದಲುಬದಲಾಗಿಲ್ಲ. ಹತ್ತು ವಾರ ಟೈಮಿದೆ. ನಮ್ಮ ಆಹಾರದ ಮೇಡಂ ಹೇಳಿದ ಹಾಗೆ ಮಾಡಿ. ಕೊಬ್ಬು ಇಳಿದ್ರೆ ಬನ್ನಿ. ಇಳೀದಿದ್ರೆ ಬೇರೆ ಯಾರನ್ನಾದ್ರೂ ಹುಡುಕ್ಬೇಕಾಗುತ್ತೆ."

ಬೇರೆ ಯಾರೂ ಇರಲಿಲ್ಲ. ಅದು ಮೂವರಿಗೂ ಗೊತ್ತಿತ್ತು.

ಆಹಾರದ ಮೇಡಂ ಕೊಟ್ಟ ಹಾಳೆಯ ಮೊದಲ ಸಾಲು 'ಕರಿದ ಪದಾರ್ಥ ಬಿಡಿ' ಎಂದಿತ್ತು. ಟೇಪಣ್ಣ ಅದೊಂದು ಸಾಲು ಓದಿ ಹಾಳೆ ಮಡಚಿ ಜೇಬಿಗೆ ಹಾಕಿದ. ಇದನ್ನೆಲ್ಲ ತಾನು ಮೂರು ವರ್ಷದಿಂದ ಮಾಡುತ್ತಿದ್ದೇನೆ, ಇವರು ಹೊಸದೇನು ಹೇಳುತ್ತಾರೆ ಎಂದು ದಾರಿಯುದ್ದಕ್ಕೂ ಗೊಣಗಿದ. ಹಾಳೆಗೆ ಹಿಂಬದಿಯೂ ಇತ್ತು.

ಮರುದಿನ ಬೆಳಿಗ್ಗೆ ಆರೋಗ್ಯ ಕೇಂದ್ರದ ನರ್ಸಮ್ಮ ಬಂದರು. ಕೋಟಿನ ಜೇಬು ಹರಿದಿತ್ತು. ಹೊಲಿದು ಮುಗಿಯುವ ತನಕ ಕೂತಿರುತ್ತೇನೆ ಎಂದು ಸ್ಟೂಲಿನ ಮೇಲೆ ಕೂತರು. ಕಡಿಮೆ ಮಾತಿನ ಹೆಂಗಸು, ಆದರೆ ಕಣ್ಣಿಗೆ ಬಿದ್ದದ್ದನ್ನು ಸುಲಭವಾಗಿ ಬಿಡುವವರಲ್ಲ. ಟೇಪಣ್ಣ ಅವರಿಗೆ ಚಹಾ ಕೊಟ್ಟ, ತಾನೂ ಕುಡಿದ. ಬ್ಯಾಂಕಿನ ಕಾವಲುಗಾರ ಅಳತೆ ಕೊಡಲು ಬಂದ. ಅವನ ಜೊತೆ ಇನ್ನೊಂದು ಲೋಟ. ಬೇಕರಿಯವನು ಬಂದ, ಮತ್ತೊಂದು. ಈ ನಡುವೆ ಆಸ್ಪತ್ರೆಯ ಕಥೆಯನ್ನೂ ನರ್ಸಮ್ಮನ ಮುಂದೆ ಹೇಳಿಕೊಂಡ.

"ನಾನು ಬಂದ ಮೇಲೆ ಇದು ಎಷ್ಟನೇ ಲೋಟ ಟೇಪಣ್ಣ?" ಎಂದು ಅವರು ಕೇಳಿದರು.

"ಲೋಟ ಎಣಿಸ್ತಾ ಕೂತ್ರೆ ಬಟ್ಟೆ ಹೊಲಿಯೋರ್ಯಾರು ನರ್ಸಮ್ಮ?"

"ಮೂರನೇದು. ಒಂದಕ್ಕೆ ಸಕ್ಕರೆ ಎಷ್ಟು ಹಾಕ್ತೀರಿ?"

ಹೆಂಡತಿ ಯಂತ್ರ ನಿಲ್ಲಿಸಿದಳು. "ಮೂರು ಚಮಚ. ಎಣ್ಣೆ ಬಿಟ್ಮೇಲೆ ಬಾಯಿ ಸಪ್ಪೆ ಅಂತ ಒಂದು ಚಮಚ ಜಾಸ್ತಿ ಮಾಡ್ಕೊಂಡಿದ್ದಾರೆ."

ನರ್ಸಮ್ಮ ಮೇಜಿನ ಮೇಲಿದ್ದ ಖಾಲಿ ಡಬ್ಬಿಯೊಂದನ್ನು ತೆಗೆದು ಅವನ ಮುಂದಿಟ್ಟರು. "ಇವತ್ತು ಒಂದು ಕೆಲಸ ಮಾಡಿ. ಹೊಟ್ಟೆಗೆ ಹೋದ ಒಂದೊಂದು ಚಮಚ ಸಕ್ಕರೆಗೆ ಒಂದೊಂದು ಗುಂಡಿ ಇದರಲ್ಲಿ ಹಾಕಿ. ಸಂಜೆ ಮತ್ತೆ ಬರ್ತೀನಿ, ಆಗ ನೋಡೋಣ."

ಸಂಜೆ ಡಬ್ಬಿಯನ್ನು ಮೇಜಿನ ಮೇಲೆ ಸುರಿದರು. ಹೆಂಡತಿ ಎಣಿಸಿದಳು. ನಲವತ್ತೆರಡು ಗುಂಡಿ. ಐದು ಅಂಗಿಗೆ ಹಚ್ಚಿ ಮಿಗುವಷ್ಟು. ಟೇಪಣ್ಣ ತಾನೇ ಒಮ್ಮೆ ಎಣಿಸಿ ನೋಡಿದ. ಎಣಿಸಿದರೆ ಗುಂಡಿ ಕಡಿಮೆಯಾಗುವುದಿಲ್ಲ.

"ಆಗ್ಲಿ, ಸಕ್ಕರೆ ಜಾಸ್ತಿ ಅಂತ ಒಪ್ಕೊಂಡೆ," ಎಂದ. "ಆದ್ರೆ ಸಕ್ಕರೆ ಕೊಬ್ಬಲ್ವಲ್ಲ. ನೀವು ಹತ್ತಿ ಬಟ್ಟೆ ತಂದುಕೊಟ್ರೆ ನಾನು ರೇಷ್ಮೆ ಅಂಗಿ ಹೊಲಿಯೋಕಾಗುತ್ತಾ?"

"ನಿಮಗಾಗಲ್ಲ. ಲಿವರಿಗಾಗುತ್ತೆ," ಎಂದರು ನರ್ಸಮ್ಮ.

ಅವರು ದಾರದ ಉಂಡೆಯೊಂದನ್ನು ಹತ್ತಿರ ಎಳೆದುಕೊಂಡರು. ಆ ಸಂಜೆ ಅವರು ಹೇಳಿದ್ದನ್ನು ಗಮನವಿಟ್ಟು ಕೇಳಿ. ಈ ಕಥೆಯಲ್ಲಿ ಬೇರೆಲ್ಲ ಮರೆತರೂ ಇದನ್ನು ಮರೆಯಬೇಡಿ.

"ನೀವು ತಿನ್ನೋ ಅನ್ನ, ಬ್ರೆಡ್ಡು, ಚಹಾದ ಸಕ್ಕರೆ ಎಲ್ಲಾ ಕೊನೆಗೆ ರಕ್ತಕ್ಕೆ ಸಕ್ಕರೆಯಾಗೇ ಸೇರುತ್ತೆ. ಆ ಹೊತ್ತಿಗೆ ಬೇಕಾದಷ್ಟನ್ನ ಮೈ ಖರ್ಚು ಮಾಡುತ್ತೆ. ಸ್ವಲ್ಪವನ್ನ ಲಿವರು, ಮಾಂಸಖಂಡಗಳು ಮುಂದಕ್ಕೆ ಅಂತ ಎತ್ತಿಡುತ್ವೆ. ಆದ್ರೆ ಆ ಜಾಗ ಚಿಕ್ಕದು, ಬೇಗ ತುಂಬಿಹೋಗುತ್ತೆ. ತುಂಬಿದ ಮೇಲೂ ನೀವು ಸುರೀತಾನೇ ಇದ್ರೆ ಲಿವರ್ ಏನು ಮಾಡ್ಬೇಕು? ಎಸೆಯೋದು ಅದಕ್ಕೆ ಗೊತ್ತಿಲ್ಲ. ಸಕ್ಕರೆಯನ್ನ ಚೂರು ಮಾಡಿ, ಆ ಚೂರುಗಳನ್ನ ಒಂದಕ್ಕೊಂದು ಪೋಣಿಸಿ ಹೀಗೆ ಉದ್ದ ದಾರ ಮಾಡುತ್ತೆ."

ಅವರು ಮೂರು ಉದ್ದ ದಾರ ಹರಿದು, ಮೂರನ್ನೂ ಒಂದೇ ಗುಂಡಿಗೆ ಕಟ್ಟಿ, ಗುಂಡಿ ಹಿಡಿದು ಎತ್ತಿ ತೋರಿಸಿದರು. ದಾರಗಳು ಜೋತಾಡಿದವು.

"ಕೊಬ್ಬು ಅಂದ್ರೆ ಇಷ್ಟೇ. ಒಂದು ಗುಂಡಿ, ಮೂರು ದಾರ. ಎಣ್ಣೇಲಿರೋದೂ ಇದೇ, ನಿಮ್ಮ ಹೊಟ್ಟೇಲಿರೋದೂ ಇದೇ. ಎಣ್ಣೆ ತಿಂದ್ರೆ ರೆಡಿಮೇಡ್ ಮಾಲು ಬರುತ್ತೆ. ಸಕ್ಕರೆ ಅತಿಯಾದ್ರೆ ಒಳಗೇ ಹೊಲಿಗೆ ನಡೆಯುತ್ತೆ."

"ರೆಡಿಮೇಡ್ ಅಂದ್ರೆ ಇವರಿಗೆ ಮೊದಲಿಂದಲೂ ಆಗಲ್ಲ," ಎಂದಳು ಹೆಂಡತಿ.

ಟೇಪಣ್ಣ ನಗಲಿಲ್ಲ. ದಾರವನ್ನೇ ನೋಡುತ್ತಿದ್ದ. "ಹೊಲಿದದ್ದನ್ನ ಬಿಚ್ಚೋದೂ ಇರ್ಬೇಕಲ್ಲ?"

"ಇದೆ. ಮೈಗೆ ಶಕ್ತಿ ಬೇಕಾದಾಗ ಈ ದಾರಗಳನ್ನ ಗುಂಡಿಯಿಂದ ಬಿಡಿಸಿ, ತುದಿಯಿಂದ ಚೂರು ಚೂರೇ ಕತ್ತರಿಸಿ ಉರಿಸುತ್ತೆ. ಆದ್ರೆ ಅದಕ್ಕೊಂದು ಕಾಯ್ದೆ ಇದೆ. ಸಕ್ಕರೆ ರಕ್ತಕ್ಕೆ ಬಂದಾಗಲೆಲ್ಲ ಇನ್ಸುಲಿನ್ ಅನ್ನೋ ರಸ ಏಳುತ್ತೆ. ಅದು ಎದ್ದಿರೋ ತನಕ ಮೈ ಕೂಡಿಡೋ ಕೆಲಸದಲ್ಲಿರುತ್ತೆ, ಬಿಚ್ಚೋ ಕೆಲಸ ಹೆಚ್ಚುಕಡಿಮೆ ನಿಂತೇಹೋಗುತ್ತೆ. ಅದು ಇಳಿದ ಮೇಲೇ ಕತ್ತರಿ ಕೈಗೆ ಬರೋದು. ಬೆಳಿಗ್ಗೆ ಎಂಟರಿಂದ ಸಂಜೆ ಏಳರ ತನಕ ಗಂಟೆಗೊಂದು ಸಿಹಿ ಚಹಾ ಕುಡಿದ್ರೆ ಅದು ಇಳಿಯೋದು ಯಾವಾಗ?"

ಉತ್ತರ ಹೊಳೆದವನ ಹಾಗೆ ಟೇಪಣ್ಣ ತಲೆ ಎತ್ತಿದ. "ಹಾಗಾದ್ರೆ ಹತ್ತು ವಾರ ಏನೂ ತಿನ್ನದೆ ಇದ್ಬಿಡ್ತೀನಿ. ಅಕ್ಕನಿಗೋಸ್ಕರ ಅಷ್ಟೂ ಮಾಡ್ದಿದ್ರೆ ಹೇಗೆ?"

"ಅದನ್ನ ಮಾತ್ರ ಮಾಡ್ಬೇಡಿ. ಪೂರ್ತಿ ಉಪವಾಸ ಬಿದ್ರೆ ಮಾಂಸಖಂಡ ಕರಗುತ್ತೆ, ಮೈಯಲ್ಲಿರೋ ಕೊಬ್ಬೆಲ್ಲ ಒಂದೇ ಸಲ ಲಿವರಿಗೆ ನುಗ್ಗಿ ಬರುತ್ತೆ. ಮೂರು ಹೊತ್ತು ಊಟ ಮಾಡಿ. ಆ ಹಾಳೆ ಎಲ್ಲಿ?"

ಹಾಳೆ ಹೊರಬಂತು. ಹಿಂಬದಿ ತಿರುಗಿತು. ಸಿಹಿ ಪಾನೀಯ ಯಾವುದೂ ಬೇಡ. ಬೇಳೆ, ಕಾಳು, ಮೊಟ್ಟೆ, ತರಕಾರಿ ಹೆಚ್ಚು, ಅನ್ನ ಬ್ರೆಡ್ಡು ಅಳತೆಯಲ್ಲಿ. ದಿನಾ ಬಿರುಸಾಗಿ ಒಂದು ಗಂಟೆ ನಡಿಗೆ. ಸಂಜೆ ಬೇಗ ಊಟ, ಆಮೇಲೆ ಬೆಳಗಿನ ತನಕ ನೀರು ಮಾತ್ರ. ಅಡುಗೆಗೆ ಒಂದೆರಡು ಚಮಚ ಎಣ್ಣೆ ಇರಲಿ, ದೇಹಕ್ಕೆ ಅದೂ ಬೇಕು ಎಂದು ಕೊನೆಯಲ್ಲಿ ಬರೆದಿತ್ತು. ಮೂರು ವರ್ಷ ನೀರಿನಲ್ಲಿ ಬೆಂದ ತರಕಾರಿ ತಿಂದವನಿಗೆ ಆ ಸಾಲು ಓದಿ ಆದ ಸಂಕಟ ಹೇಳತೀರದು.

ಟೇಪಣ್ಣ ಸಕ್ಕರೆ ಬಿಟ್ಟ. ಗಿರಾಕಿಗಳ ಸಕ್ಕರೆ ಡಬ್ಬಿಯನ್ನು ಹೆಂಡತಿಯ ವಶಕ್ಕೆ ಕೊಟ್ಟ. ದಿನಾ ನಡೆದ, ಹೊತ್ತಿಗೆ ಸರಿಯಾಗಿ ಉಂಡ. ಕೆಲಸ ಕಲಿಸಿದ ಗುರುಗಳ ಮಾತನ್ನು ಮಾತ್ರ ಬಿಡಲಿಲ್ಲ. ಗಿರಾಕಿಯನ್ನು ಒಬ್ಬನೇ ಕುಡಿಯಲು ಬಿಡುವುದು ಅವನಿಗೆ ಸಾಧ್ಯವೇ ಇರಲಿಲ್ಲ. ಸಕ್ಕರೆಯಿಲ್ಲದ ಚಹಾ ಕುಡಿದರೆ ಅವನ ಮುಖ ಹರಳೆಣ್ಣೆ ಕುಡಿದಂತಾಗುತ್ತಿತ್ತು. ಆ ಮುಖ ಕಂಡು ಗಿರಾಕಿ ಇನ್ನಷ್ಟು ಸೆಟೆದುಕೊಳ್ಳುತ್ತಿದ್ದ. ಆದ್ದರಿಂದ ಎದುರಿನ ಅಂಗಡಿಯಿಂದ ಹಣ್ಣಿನ ರಸ ತರಿಸತೊಡಗಿದ. ಹಣ್ಣು ತಾನೆ, ಕಾಯಿಲೆಯಿಂದ ಮಲಗಿದವರಿಗೂ ಕೊಡುತ್ತಾರಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಗಿರಾಕಿಗೆ ಚಹಾ, ತನಗೆ ಒಂದು ಲೋಟ ರಸ. ದಿನಕ್ಕೆ ಹನ್ನೆರಡು, ಹದಿಮೂರು.

ನಾಲ್ಕನೆಯ ವಾರ ಆಸ್ಪತ್ರೆಯಲ್ಲಿ ಮತ್ತೆ ನೋಡಿದರು. ಇಪ್ಪತ್ತೆರಡು ಇದ್ದದ್ದು ಇಪ್ಪತ್ತಾಗಿತ್ತು. ಆರು ವಾರ ಉಳಿದಿತ್ತು.

ಅಂಗಡಿಗೆ ಬಂದ ನರ್ಸಮ್ಮ ಮೇಜಿನ ಮೇಲಿದ್ದ ಲೋಟ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

"ಇದರಲ್ಲಿ ಎಷ್ಟು ಕಿತ್ತಳೆ ಇದೆ?"

"ನಾಲ್ಕೈದು ಇರ್ಬಹುದು."

"ಬಿಡಿಸಿ ತಿನ್ನೋಕೆ ಕೂತ್ರೆ ಒಂದರಲ್ಲೇ ಸಾಕಾಗುತ್ತೆ. ಹಿಂಡಿದ್ರೆ ನಾರು ಹೋಯ್ತು, ಐದು ಹಣ್ಣಿನ ಸಿಹಿ ಎರಡೇ ಗುಟುಕಿಗೆ ಒಳಗೆ. ಹಣ್ಣಲ್ಲಿರೋ ಸಕ್ಕರೇಲಿ ಅರ್ಧದಷ್ಟು ಬೇರೆಲ್ಲೂ ಹೋಗದೆ ನೇರವಾಗಿ ಲಿವರಿಗೇ ಹೋಗೋ ಜಾತಿ. ಒಂದು ಹಣ್ಣು ತಿನ್ನಿ, ಯಾರೂ ಬೇಡ ಅನ್ನಲ್ಲ. ಹನ್ನೆರಡು ಲೋಟ ಕುಡಿದ್ರೆ ಲಿವರಿಗೆ ಅದೂ ಸಕ್ಕರೇನೇ."

ಟೇಪಣ್ಣ ಅಂಗಡಿಯನ್ನು ಹೆಂಡತಿಗೆ ಬಿಟ್ಟು ಅಕ್ಕನ ಮನೆಗೆ ಹೋದ. ಅಕ್ಕ ದಿಂಬಿಗೆ ಒರಗಿ, ತೊಡೆಯ ಮೇಲೆ ಕರಡು ಪುಟಗಳನ್ನಿಟ್ಟುಕೊಂಡು ಕೂತಿದ್ದಳು. ಕೆಂಪು ಪೆನ್ನು ಹಿಡಿದ ಬೆರಳು ಕಡ್ಡಿಯಾಗಿತ್ತು. ಪುಟದ ಅಂಚಿನ ಗುರುತುಗಳು ಮಾತ್ರ ಎಂದಿನಂತೆ ನೇರವಾಗಿದ್ದವು.

ಅವನು ಇದ್ದದ್ದನ್ನೆಲ್ಲ ಹೇಳಿದ. ಹಣ್ಣಿನ ರಸದ ವಿಷಯ ಹೇಳುವಾಗ ನೆಲ ನೋಡಿದ.

"ನಾಲ್ಕು ವಾರ ಕಳೆದ್ಯಲ್ಲೋ," ಎಂದಳು ಅಕ್ಕ.

"ಹೌದು."

"ಬೇಕೂಂತ ಮಾಡಿಲ್ಲ, ಗೊತ್ತು."

ಟೇಪಣ್ಣ ಕೊರಳಿನ ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡ. ಆಮೇಲೆ ಯಾರಿಗೂ ಹೇಳದ್ದನ್ನು ಹೇಳಿದ. "ಅಕ್ಕ, ಮೊದಲ ದಿನ ಡಾಕ್ಟ್ರು ಆಗಲ್ಲ ಅಂದಾಗ ನನಗೆ ಒಂದು ಗಳಿಗೆ ಸಮಾಧಾನ ಆಯ್ತು. ಕತ್ತಿ ತಪ್ಪಿತಲ್ಲ ಅಂತ. ಒಂದೇ ಗಳಿಗೆ. ಅವತ್ತಿಂದ ಅದು ನನ್ನ ತಿಂತಾ ಇದೆ."

ಅಕ್ಕ ಪೆನ್ನಿಗೆ ಮುಚ್ಚಳ ಹಾಕಿದಳು. "ನಿನ್ನ ಜಾಗದಲ್ಲಿ ನಾನಿದ್ರೂ ಹಾಗೇ ಆಗ್ತಿತ್ತು ಕಣೋ. ಹೆದರಿಕೆ ತಪ್ಪಲ್ಲ. ಈಗ್ಲೂ ಬೇಡ ಅನ್ನಿಸಿದ್ರೆ ಹೇಳು, ನಾನು ಮುನಿಸ್ಕೊಳ್ಳಲ್ಲ." ಪುಟಗಳನ್ನು ಪಕ್ಕಕ್ಕಿಟ್ಟು, "ಆದ್ರೆ ನಾನು ಬದುಕ್ಬೇಕು. ಮೊಮ್ಮಗು ನೋಡ್ಬೇಕು. ಅದನ್ನೂ ಹೇಳ್ದೆ ಇದ್ರೆ ಸುಳ್ಳಾಗುತ್ತೆ," ಎಂದಳು.

ಟೇಪಣ್ಣ ಅತ್ತ. ನಲವತ್ತನಾಲ್ಕು ವರ್ಷದ ಗಂಡಸು, ಟೇಪಿನ ತುದಿಯಿಂದಲೇ ಕಣ್ಣೊರೆಸಿಕೊಂಡ.

ಸಂಜೆ ಅಂಗಡಿಯಲ್ಲಿ ಅವನು ಹೆಂಡತಿಯ ಮುಂದೆ ತನ್ನ ಕಷ್ಟ ತೋಡಿಕೊಂಡ. ಜೊತೆಗೆ ಕೂತು ಕುಡಿಯದೆ ಗಿರಾಕಿಯ ಹೊಟ್ಟೆ ಸಡಿಲವಾಗುವುದಿಲ್ಲ. ಹೊಟ್ಟೆ ಸಡಿಲವಾಗದೆ ಅಳತೆ ಸರಿಬರುವುದಿಲ್ಲ. ಹೀಗಿರುವಾಗ ಮಾಡುವುದೇನು?

"ಅವರ ಫೋನ್ ನಂಬರ್ ಕೇಳಿ," ಎಂದಳು ಹೆಂಡತಿ.

"ಯಾಕೆ?"

"ಟೇಪು ಸುತ್ತಿದ ಮೇಲೆ ಕೇಳಿ. ನಂಬರ್ ಹೇಳ್ತಾ ಹೇಳ್ತಾ ಹೊಟ್ಟೆ ಎಳ್ಕೊಂಡಿರೋಕೆ ಯಾರಿಗೂ ಆಗಲ್ಲ. ನಾನು ಹೆಂಗಸರ ಅಳತೆ ತಗೊಳ್ಳೋದೇ ಹಾಗೆ."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನೀವು ಕೇಳಿದ್ರೆ ತಾನೆ." ಹಾಗೆನ್ನುತ್ತ ಅವನ ಕೊರಳಿನಿಂದಲೇ ಟೇಪು ಎಳೆದು ಅವನ ಸೊಂಟಕ್ಕೆ ಸುತ್ತಿದಳು. "ಎಲ್ಲಿ, ನಿಮ್ಮ ನಂಬರ್ ಹೇಳಿ."

ಅವನು ಹೇಳಿದ. ನಲವತ್ತೆರಡೂವರೆ ಇಂಚು. ಅವಳು ಅದನ್ನು ಅಳತೆ ಪುಸ್ತಕದಲ್ಲಿ, ಉಳಿದ ಗಿರಾಕಿಗಳ ನಡುವೆಯೇ ಬರೆದಳು.

ಅಂದಿನಿಂದ ಅಂಗಡಿಯಲ್ಲಿ ಗಿರಾಕಿಗೆ ಚಹಾ, ಟೇಪಣ್ಣನಿಗೆ ನೀರು. ಬಂದವರೆಲ್ಲ ಟೇಪು ಸುತ್ತಿಸಿಕೊಂಡು ಫೋನ್ ನಂಬರ್ ಹೇಳಿದರು. ಪ್ಯಾಂಟುಗಳು ಮೊದಲಿನಷ್ಟೇ ಸರಿಯಾಗಿ ಬಂದವು. ಬೇಕರಿಯವನು ಒಂದು ದಿನ, "ಏನಣ್ಣ, ಜೊತೆಗೆ ಕುಡಿಯೋಕೂ ಆಗದಷ್ಟು ಸಿಟ್ಟಾ?" ಎಂದು ಕೇಳಿದ. ಟೇಪಣ್ಣ ಕಾರಣ ಹೇಳಿದ. ಬೇಕರಿಯವನು ತನ್ನ ಲೋಟ ನೋಡಿಕೊಂಡು, "ನಂಗೂ ಸಕ್ಕರೆ ಒಂದೇ ಸಾಕು," ಎಂದ.

ಎಂಟನೆಯ ವಾರದ ಹೊತ್ತಿಗೆ ತೂಕ ಆರು ಕಿಲೋ ಇಳಿದಿತ್ತು. ಟೇಪಣ್ಣನ ಸಂಶಯ ಮಾತ್ರ ಅಷ್ಟು ಸುಲಭಕ್ಕೆ ಇಳಿಯುವಂಥದಲ್ಲ.

"ಆರ್ ಕಿಲೋ ಎಲ್ಲಿಗೆ ಹೋಯ್ತು ನರ್ಸಮ್ಮ? ಈ ಸಲ ನಡುಪಟ್ಟಿ ಕಟ್ಟಿಲ್ಲ, ಅಂಥಾ ಬೆವರೂ ಬಂದಿಲ್ಲ."

"ಬಹುಪಾಲು ಮೂಗಿಂದ ಹೋಯ್ತು."

"ತಮಾಷೆ ಬೇಡ."

"ತಮಾಷೆ ಅಲ್ಲ. ಕೊಬ್ಬನ್ನ ಮೈ ಉರಿಸಿದಾಗ ಕೊನೆಗೆ ಉಳಿಯೋದು ಇಂಗಾಲದ ಗಾಳಿ ಮತ್ತೆ ನೀರು. ಗಾಳಿ ಉಸಿರಲ್ಲಿ ಆಚೆ ಹೋಗುತ್ತೆ. ನೀರು ಮೂತ್ರ, ಬೆವರು, ಉಸಿರು, ಹೀಗೆ ಯಾವುದರಲ್ಲಾದ್ರೂ ಹೋಗುತ್ತೆ. ಬರೀ ಬೆವರಿದ್ರೆ ನೀರು ಮಾತ್ರ ಹೋಗೋದು, ಎರಡು ಲೋಟ ಕುಡಿದ್ರೆ ವಾಪಸ್ ಬರುತ್ತೆ. ಹೊಟ್ಟೆಗೆ ಪಟ್ಟಿ ಕಟ್ಟಿದ್ರೆ ಹೊಟ್ಟೆ ಕೊಬ್ಬೇ ಕರಗುತ್ತೆ ಅನ್ನೋದೂ ಇಲ್ಲ. ಮೈ ತನಗೆ ಬೇಕಾದ ಕಡೆಯಿಂದ ತೆಗೆಯುತ್ತೆ. ನಿಮ್ಮ ಅದೃಷ್ಟಕ್ಕೆ ಲಿವರಿಂದ ಬೇಗ ತೆಗೆಯುತ್ತೆ."

ಟೇಪಣ್ಣ ಮೂಗಿನ ಮುಂದೆ ಅಂಗೈ ಹಿಡಿದು ಉಸಿರು ಬಿಟ್ಟು ನೋಡಿದ. ನಂಬಿದನೋ ಬಿಟ್ಟನೋ, ವಾದಿಸಲಿಲ್ಲ.

ಹತ್ತನೆಯ ವಾರದ ಸ್ಕ್ಯಾನಿನಲ್ಲಿ ನೂರಕ್ಕೆ ಏಳು ಬಂತು. ಡಾಕ್ಟರು ಹಾಳೆಯನ್ನು ಎರಡು ಸಲ ಓದಿ, ಮುಂದಿನ ವಾರಕ್ಕೆ ದಿನ ಗೊತ್ತು ಮಾಡಿದರು. ಹೆಂಡತಿ ಹೊರಗಿನ ಬೆಂಚಿನ ಮೇಲೆ ಕೂತು ಅಕ್ಕನ ಮನೆಗೆ ಫೋನ್ ಮಾಡಿದಳು. "ಅತ್ತಿಗೆ, ಏಳು ಬಂದಿದೆ," ಎಂದಳು. ಅಕ್ಕ ಆ ಅಂಕಿಯನ್ನು ಎರಡು ಸಲ ಹೇಳಿಸಿಕೊಂಡಳು.

ಶಸ್ತ್ರಚಿಕಿತ್ಸೆ ನಡೆಯಿತು. ಅದರ ವಿವರ ನಮಗೆ ಬೇಡ. ಟೇಪಣ್ಣ ಒಂಬತ್ತನೆಯ ದಿನ ಮನೆಗೆ ಬಂದ. ಅಕ್ಕ ಒಂದು ತಿಂಗಳಿಗೆ ಬಂದಳು. ಮೂರು ತಿಂಗಳ ನಂತರ ಇಬ್ಬರ ಲಿವರೂ ಚೆನ್ನಾಗಿ ಬೆಳೆದಿದೆ ಎಂದು ಸ್ಕ್ಯಾನ್ ಹೇಳಿತು. ಅಕ್ಕ ಮೊಮ್ಮಗಳನ್ನು ಎತ್ತಿಕೊಂಡಳು. ಮಗುವಿನ ಜನನ ಪತ್ರದಲ್ಲಿ ಒಂದು ಅಕ್ಷರ ತಪ್ಪಿತ್ತು, ಅದನ್ನೂ ತಿದ್ದಿಸಿದಳು.

ಇಲ್ಲಿಗೆ ಮುಗಿಸಿದರೆ ಎಲ್ಲರಿಗೂ ಹಿತ. ಆದರೆ ಹೇಳಬೇಕಾದದ್ದು ಇನ್ನೊಂದಿದೆ.

ಏಳು ಬಂದ ದಿನ ಆಸ್ಪತ್ರೆಯ ಆ ಬೆಂಚಿನ ಮೇಲೆ ಟೇಪಣ್ಣನ ಹೆಂಡತಿಯ ಪಕ್ಕ ಇನ್ನೊಬ್ಬ ಹೆಂಗಸು ಕೂತಿದ್ದಳು. ಬಸ್ ಡ್ರೈವರನ ಹೆಂಡತಿ. ಅವಳ ಗಂಡ ಎರಡು ತಿಂಗಳ ಹಿಂದೆ ತನ್ನ ಅಣ್ಣನಿಗೆ ಲಿವರ್ ಕೊಡಲು ಬಂದಿದ್ದ. ತೆಳ್ಳಗಿನ ಆಳು, ಹೊಟ್ಟೆ ಅಷ್ಟಾಗಿ ಕಾಣುತ್ತಿರಲಿಲ್ಲ. ಕೂತಲ್ಲೇ ಕೆಲಸ, ದಾರಿಯುದ್ದಕ್ಕೂ ತಂಪು ಪಾನೀಯ. ಅವನಿಗೂ ಇಪ್ಪತ್ತರ ಮೇಲೆ ಬಂದಿತ್ತು.

"ಎಷ್ಟು ವಾರ ಕೊಟ್ರು?" ಎಂದು ಟೇಪಣ್ಣನ ಹೆಂಡತಿ ಕೇಳಿದಳು.

"ಎಂಟು ವಾರ ಕೊಟ್ಟಿದ್ರು," ಎಂದಳು ಆಕೆ. "ಇವರು ಬಿಟ್ಟೂಬಿಡದೆ ಎಲ್ಲಾ ಮಾಡಿದ್ರು. ಕೊಬ್ಬೂ ಇಳೀತು. ಆದ್ರೆ ಇವರ ಅಣ್ಣ ಐದನೇ ವಾರಕ್ಕೇ ತೀರಿಹೋದ್ರು. ಇವರು ಆಮೇಲೂ ನಡೆಯೋದು ನಿಲ್ಲಿಸ್ಲಿಲ್ಲ. ಇವತ್ತು ಸ್ಕ್ಯಾನ್ ಮಾಡಿಸ್ಲೇಬೇಕು ಅಂತ ಹಟ ಹಿಡಿದು ಬಂದಿದ್ದಾರೆ. ಎಂಟಿದೆಯಂತೆ. ಈಗ ಯಾರಿಗೆ ಕೊಡೋದು?"

ಟೇಪಣ್ಣನ ಹೆಂಡತಿ ಹತ್ತಿರ ಸರಿದಳು. ಆಕೆಯ ಕೈ ಹಿಡಿದು ಕೂತಳು.

ಈ ಕಥೆ ಓದುತ್ತಿರುವ ಅಣ್ಣ, ಅಕ್ಕ, ಗುಂಪಿನಲ್ಲಿ ಕೂತು ಕೇಳುತ್ತಿರುವ ತಾಯಂದಿರೇ, ನಾಳೆ ಬೆಳಿಗ್ಗೆ ಚಹಾಕ್ಕೆ ಸಕ್ಕರೆ ಹಾಕುವಾಗ ಒಮ್ಮೆ ಚಮಚ ಎಣಿಸಿ. ದಿನದ ಲೋಟಗಳನ್ನೂ, ಸಿಹಿ ಪಾನೀಯವನ್ನೂ, ಹಣ್ಣಿನ ರಸವನ್ನೂ ಸೇರಿಸಿ ಎಣಿಸಿ. ಎಣ್ಣೆ ಬಿಟ್ಟೆನೆಂದು ನಿಶ್ಚಿಂತೆಯಿಂದಿರಬೇಡಿ. ತೆಳ್ಳಗಿದ್ದೇನೆಂದೂ ನಿಶ್ಚಿಂತೆ ಬೇಡ. ಲಿವರಿನ ಕೊಬ್ಬು ನೋಯುವುದಿಲ್ಲ, ಕೂಗಿ ಹೇಳುವುದಿಲ್ಲ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ಸೊಂಟದ ಅಳತೆ, ರಕ್ತದ ಸಕ್ಕರೆ, ರಕ್ತದ ಕೊಬ್ಬು ನೋಡಿಸಿಕೊಳ್ಳಿ. ದಿನಾ ನಡೆಯಿರಿ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಊಟದ ಕ್ರಮ ಬದಲಿಸುವ ಮೊದಲು ಡಾಕ್ಟರನ್ನು ಕೇಳಿ.

ಸೇರಿದ ಕೊಬ್ಬನ್ನು ಬಿಚ್ಚುವ ಕೆಲಸ ನಿಮ್ಮ ದೇಹಕ್ಕೆ ಗೊತ್ತಿದೆ. ಅದಕ್ಕೆ ಬೇಕಾದದ್ದು ಕೆಲವು ವಾರಗಳ ಸಮಯ, ಅಷ್ಟೇ. ಆ ವಾರಗಳು ಇವತ್ತು ನಿಮ್ಮ ಹತ್ತಿರ ಇವೆ. ನಿಮ್ಮ ಮನೆಯವರೊಬ್ಬರು ಆಸ್ಪತ್ರೆಯ ಹಾಸಿಗೆಯಿಂದ ನಿಮ್ಮ ಕಡೆ ನೋಡುವ ದಿನ ಅವು ಉಳಿದಿರುತ್ತವೆಯೋ ಇಲ್ಲವೋ, ಯಾವ ಡಾಕ್ಟರೂ ಮಾತು ಕೊಡಲಾರರು.